ಸೊನ್ನೆಯಿಂದ ಭಾಗಿಸಿದ ಭಾಸ್ಕರಾಚಾರ್ಯ, ಒಪ್ಪದ ಕಂಪ್ಯೂಟರ್ ಮತ್ತು ನಮ್ಮ ಕಾಕಾನ ಪ್ರಶ್ನೆ

ಕಳೆದ ಮಾರ್ಚಿನಲ್ಲಿ ಊರಿಗೆ ಹೋಗಿದ್ದಾಗ ಒಣದ್ರಾಕ್ಷಿ ಶೆಡ್ಡಿನ ನೆರಳಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ನಮ್ಮೂರು ಘೋಣಸಗಿ, ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕು. ಕಾಕಾ ಬಂದು ಬೆನ್ನ ಹಿಂದೆ ನಿಂತರು.

"ಏನ್ ನಡಸೀಪಾ?"

"ಭಾಸ್ಕರಾಚಾರ್ಯನ ಒಂದು ಲೆಕ್ಕ ಐತಿ ಕಾಕಾ. ಖರೇ ಐತೋ ಇಲ್ಲೋ ಅಂತ ಕಂಪ್ಯೂಟರಿಗೆ ಕೇಳಾಕತ್ತೀನಿ."

"ಅವ ನಮ್ಮ ವಿಜಾಪುರದಾವ ಅಲ್ಲೇನು? ಅವನ್ನ ತಪ್ಪು ಅನ್ನಾಕ ಕಂಪ್ಯೂಟರ್ ಯಾವುದು?"

ಕಾಕಾ ಕೇಳಿದ್ದು ಎರಡು ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಅಷ್ಟು ಸಲೀಸಲ್ಲ. ಎರಡನೇ ಭಾಸ್ಕರ ತಾನು ಶಕ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ ಹುಟ್ಟಿದೆ, ಊರು ಸಹ್ಯಾದ್ರಿಯ ಮಗ್ಗುಲಿನ ವಿಜ್ಜಡವಿಡ ಅಂತ ತಾನೇ ಬರೆದಿಟ್ಟಿದ್ದಾನೆ. ಅದು ನಮ್ಮ ವಿಜಯಪುರ ಅನ್ನುವವರಿದ್ದಾರೆ. ಅವನ ವಂಶದವರ ಶಾಸನ ಸಿಕ್ಕಿರುವುದು ಮಾತ್ರ ಮಹಾರಾಷ್ಟ್ರದ ಚಾಳೀಸಗಾಂವ್ ಹತ್ತಿರದ ಪಾಟಣದಲ್ಲಿ. ಸಹ್ಯಾದ್ರಿ ನಮ್ಮ ಬಯಲಿಗೆ ಕಾಣಿಸುವುದೂ ಇಲ್ಲ. ಇದನ್ನು ಕಾಕಾನ ಮುಂದೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಈ ಲೇಖನ ಎರಡನೇ ಪ್ರಶ್ನೆಯ ಕುರಿತು. ಗಣಿತದಲ್ಲಿ 'ಖರೇ' ಅನ್ನುವುದನ್ನು ತೀರ್ಮಾನಿಸುವವರು ಯಾರು? ದೊಡ್ಡ ಹೆಸರೋ, ಮೇಷ್ಟ್ರೋ, ಯಂತ್ರವೋ? ಇದಕ್ಕೆ ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ರೂಪುಗೊಂಡ ಒಂದು ಉತ್ತರದ ಹೆಸರು ಹೈಯರ್ ಆರ್ಡರ್ ಲಾಜಿಕ್. ಅದರ ಬೆನ್ನೆಲುಬು ಟೈಪ್ ಹಚ್ಚಿದ ಲ್ಯಾಂಬ್ಡಾ ಕ್ಯಾಲ್ಕ್ಯುಲಸ್. ಹೆಸರು ಕೇಳಿ ಟ್ಯಾಬ್ ಮುಚ್ಚಬೇಡಿ, ದ್ರಾಕ್ಷಿಯಿಂದಲೇ ಶುರು ಮಾಡುತ್ತೇನೆ. ಅದಕ್ಕೂ ಮೊದಲು ಲೆಕ್ಕ.

ಲೀಲಾವತಿಯಲ್ಲಿ ಭಾಸ್ಕರ ಕೇಳುತ್ತಾನೆ: ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿ, ಬಂದದ್ದಕ್ಕೆ ಅದರ ಅರ್ಧ ಕೂಡಿಸಿ, 3ರಿಂದ ಗುಣಿಸಿ, ಸೊನ್ನೆಯಿಂದ ಭಾಗಿಸಿದರೆ 63 ಬರುತ್ತದೆ. ಆ ಸಂಖ್ಯೆ ಯಾವುದು? ಅವನ ಉತ್ತರ 14. ಗುಣಿಸಿದ ಸೊನ್ನೆ, ಭಾಗಿಸಿದ ಸೊನ್ನೆ ಎರಡೂ ಹೊಡೆದುಹೋದರೆ ಉಳಿಯುವುದು ಒಂದೂವರೆ ಪಟ್ಟು, ಅದರ ಮೂರು ಪಟ್ಟು. 14ರ ಒಂದೂವರೆ ಪಟ್ಟು 21, ಮೂರು ಸಲ 63. ಸರಿ.

ಆದರೆ ಸಾಲಿಯಲ್ಲಿ ನಮಗೆಲ್ಲ ಹೇಳಿಕೊಟ್ಟದ್ದು ಸೊನ್ನೆಯಿಂದ ಭಾಗಿಸಬಾರದು ಅಂತ. ಯಾಕೆ ಅಂದರೆ, ಬಾರದು ಅಂದ್ರ ಬಾರದು. ಕಾರಣ ಇಷ್ಟೇ: 5×0 ಸೊನ್ನೆ, 7×0 ಕೂಡ ಸೊನ್ನೆ. 'ಸೊನ್ನೆಯಿಂದ ಗುಣಿಸಿ ಸೊನ್ನೆಯಿಂದ ಭಾಗಿಸಿದರೆ ಮೂಲ ಸಂಖ್ಯೆ ವಾಪಸ್ ಬರುತ್ತದೆ' ಅಂತ ಒಪ್ಪಿದರೆ ಒಂದೇ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಾಗ ಒಮ್ಮೆ 5, ಒಮ್ಮೆ 7. ಅಲ್ಲಿಗೆ 5 = 7. ಒಂದು ಸಲ ಇಂಥ ವಿರೋಧ ಒಳಗೆ ಬಂದರೆ ತರ್ಕದ ನಿಯಮ ಬಳಸಿಯೇ ಏನನ್ನು ಬೇಕಾದರೂ ಸಾಧಿಸಬಹುದು. ಇಡೀ ಗಣಿತ ಕುಸಿಯುತ್ತದೆ.

ಭಾಸ್ಕರನಿಗೆ ಇದು ಗೊತ್ತಿರಲಿಲ್ಲವೇ? ಅವನ ನಿಯಮ ಓದಿದರೆ ಒಂದು ಎಚ್ಚರಿಕೆ ಕಾಣುತ್ತದೆ. ಸೊನ್ನೆಯಿಂದ ಗುಣಿಸಿದ ಸಂಖ್ಯೆ ಸೊನ್ನೆಯೇ. ಆದರೆ ಮುಂದೆ ಇನ್ನೂ ಕ್ರಿಯೆ ಬಾಕಿ ಇದ್ದರೆ ಅದನ್ನು ಬರೀ ಸೊನ್ನೆ ಅಂತ ಬರೆದು ಕೈತೊಳೆದುಕೊಳ್ಳಬೇಡ, 'ಖಗುಣ' ಅಂತ ನೆನಪಿಟ್ಟುಕೋ ಅನ್ನುತ್ತಾನೆ. ಖ ಅಂದರೆ ಸೊನ್ನೆ. ಅಂದರೆ '5ರ ಖಗುಣ' ಮತ್ತು '7ರ ಖಗುಣ' ಕಣ್ಣಿಗೆ ಒಂದೇ ಸೊನ್ನೆ, ಲೆಕ್ಕದ ಪುಸ್ತಕದಲ್ಲಿ ಬೇರೆ ಬೇರೆ. ಈ 'ನೆನಪಿಟ್ಟುಕೋ' ಅನ್ನುವ ಮಾತು ನನ್ನ ತಲೆಯೊಳಗೆ ಕೂತುಬಿಟ್ಟಿತ್ತು.

ಈಗ ದ್ರಾಕ್ಷಿ. ಗೊನೆಗಳನ್ನು ಡಿಪ್ಪಿಂಗ್ ಆಯಿಲ್, ಪೊಟ್ಯಾಸಿಯಂ ಕಾರ್ಬೊನೇಟ್ ಕಲಸಿದ ನೀರಲ್ಲಿ ಅದ್ದಿ, ಜಾಲರಿಯ ಮೇಲೆ ಹರವುತ್ತಾರೆ. ಸುಮಾರು ನಾಲ್ಕು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಆ ಶೆಡ್ಡು ಒಂದು ಫಂಕ್ಷನ್. ಅದನ್ನು ಹೀಗೆ ಬರೆಯಬಹುದು:

ಒಣಗಿಸು : ದ್ರಾಕ್ಷಿ → ಒಣದ್ರಾಕ್ಷಿ

ತೂಗು : ಒಣದ್ರಾಕ್ಷಿ → ಸಂಖ್ಯೆ

ಬಾಣದ ಎಡಕ್ಕಿರುವುದು ಒಳಗೆ ಹೋಗುವ ಬಗೆ, ಬಲಕ್ಕಿರುವುದು ಹೊರಗೆ ಬರುವ ಬಗೆ. ಬಗೆ ಅಂದರೆ ಟೈಪ್, ಇಷ್ಟೇ. ಒಣಗಿಸಿ ತೂಗಬಹುದು, ತೂಗಿ ಬಂದ ಸಂಖ್ಯೆಯನ್ನು ಒಣಗಿಸಲಾಗದು. 'ಒಣಗಿಸು 63' ಅನ್ನುವುದು ಸುಳ್ಳು ಮಾತಲ್ಲ, ಅದು ಮಾತೇ ಅಲ್ಲ. ಸುಳ್ಳಿಗೂ ಅರ್ಥಹೀನಕ್ಕೂ ಇರುವ ಈ ವ್ಯತ್ಯಾಸವನ್ನು ಗಣಿತ ಕಲಿತದ್ದು ದೊಡ್ಡ ಪೆಟ್ಟು ತಿಂದ ಮೇಲೆ.

ಲ್ಯಾಂಬ್ಡಾ ಅನ್ನುವ ಗ್ರೀಕ್ ಅಕ್ಷರದ ಕೆಲಸವೂ ಸರಳ. ಅರ್ಜಿ ನಮೂನೆಯಲ್ಲಿ ಯಾವ ಜಾಗ ಖಾಲಿ ಅಂತ ತೋರಿಸುವುದು. ಭಾಸ್ಕರ ಗೊತ್ತಿಲ್ಲದ ಸಂಖ್ಯೆಗೆ 'ಯಾವತ್‌ತಾವತ್' ಅನ್ನುತ್ತಿದ್ದ, ಚಿಕ್ಕದಾಗಿ 'ಯಾ'. 'ಯಾ ↦ (ಯಾ + ಯಾ/2) × 3' ಅಂತ ಬರೆದರೆ ಅದೊಂದು ಖಾಲಿ ನಮೂನೆ. 14 ತುಂಬಿದರೆ 63. ಟೈಪ್ ಹಚ್ಚುವುದು ಅಂದರೆ ಆನ್‌ಲೈನ್ ಅರ್ಜಿಯಲ್ಲಿ ಜನ್ಮದಿನಾಂಕದ ಜಾಗದಲ್ಲಿ ಹೆಸರು ಟೈಪಿಸಿದರೆ 'ತಗೊಳ್ಳಲ್ಲ' ಅಂತ ಕೆಂಪಾಗುತ್ತದಲ್ಲ, ಹಾಗೆ.

ಪೆಟ್ಟಿನ ಕತೆ ಇದು. ಜರ್ಮನಿಯ ಗೊಟ್ಲಾಬ್ ಫ್ರೇಗೆ ಎಣಿಕೆಯ ಗಣಿತವನ್ನೆಲ್ಲ ಶುದ್ಧ ತರ್ಕದಿಂದಲೇ ಕಟ್ಟುತ್ತೇನೆ ಅಂತ ಹೊರಟಿದ್ದ. 1902ರ ಜೂನ್‌ನಲ್ಲಿ, ಅವನ ಎರಡನೇ ಸಂಪುಟ ಅಚ್ಚಿನಲ್ಲಿದ್ದಾಗ, ಬರ್ಟ್ರಂಡ್ ರಸೆಲ್‌ನಿಂದ ಒಂದು ಕಾಗದ ಬಂತು. ಅದರ ತಿರುಳನ್ನು ಪಂಚಾಯಿತಿ ಭಾಷೆಯಲ್ಲಿ ಹೇಳುತ್ತೇನೆ. ಕಚೇರಿಯ ಕಪಾಟಿನ ತುಂಬ ರಿಜಿಸ್ಟರುಗಳಿವೆ. 'ಕಚೇರಿಯ ಎಲ್ಲ ದಾಖಲೆಗಳ ರಿಜಿಸ್ಟರ್' ತನ್ನ ಹೆಸರನ್ನೂ ತನ್ನೊಳಗೆ ಬರೆದುಕೊಂಡಿರುತ್ತದೆ. ಮನೆ ತೆರಿಗೆ ರಿಜಿಸ್ಟರ್ ಹಾಗಲ್ಲ, ಅದರಲ್ಲಿ ಮನೆಗಳಷ್ಟೇ. ಈಗ ಮೇಲಿನಿಂದ ಆದೇಶ ಬರುತ್ತದೆ: ತಮ್ಮ ಹೆಸರು ತಮ್ಮೊಳಗಿಲ್ಲದ ಎಲ್ಲ ರಿಜಿಸ್ಟರುಗಳ, ಅವುಗಳದ್ದು ಮಾತ್ರ, ಒಂದು ಹೊಸ ರಿಜಿಸ್ಟರ್ ಮಾಡಿ. ಅದರಲ್ಲಿ ಅದರದೇ ಹೆಸರು ಬರೆಯಬೇಕೇ? ಬರೆದರೆ ಬರೆಯಬಾರದು. ಬರೆಯದಿದ್ದರೆ ಬರೆಯಲೇಬೇಕು. ಫ್ರೇಗೆಯ ನಿಯಮಗಳು ಇಂಥ ರಿಜಿಸ್ಟರಿಗೆ ಜಾಗ ಕೊಟ್ಟಿದ್ದವು. 1903ರಲ್ಲಿ ಪುಸ್ತಕ ಹೊರಬಂದಾಗ ಕೊನೆಗೊಂದು ಅನುಬಂಧ ಸೇರಿಸಿ ಅವನು ಪೆಟ್ಟನ್ನು ಒಪ್ಪಿಕೊಂಡ. ನಮ್ಮ ಕಾಲದ ದೊಡ್ಡವರಲ್ಲಿ ಎಷ್ಟು ಜನ ಹೀಗೆ ಒಪ್ಪಿಕೊಳ್ಳುತ್ತಾರೆ ನೋಡಿ.

1908ರಲ್ಲಿ ಎರಡು ಔಷಧಿಗಳು ಬಂದವು. ಒಂದು ಜೆರ್ಮೆಲೋನ ಗಣ ಸಿದ್ಧಾಂತ. ಇವತ್ತಿಗೂ ಬಹುತೇಕ ಗಣಿತಜ್ಞರು 'ನಮ್ಮ ಬುನಾದಿ' ಅಂತ ಹೆಸರು ಹೇಳುವುದು ಅದರ ವಂಶದ್ದನ್ನೇ. ಇನ್ನೊಂದು ರಸೆಲ್‌ನ ಟೈಪುಗಳು: ವಸ್ತುಗಳು ನೆಲದ ಅಂತಸ್ತಿನಲ್ಲಿ, ವಸ್ತುಗಳ ರಿಜಿಸ್ಟರ್ ಒಂದನೇ ಅಂತಸ್ತಿನಲ್ಲಿ, ರಿಜಿಸ್ಟರುಗಳ ರಿಜಿಸ್ಟರ್ ಅದರ ಮೇಲೆ. ಯಾವುದೂ ತನ್ನನ್ನೇ ತಾನು ಒಳಗೆ ಹಾಕಿಕೊಳ್ಳುವಂತಿಲ್ಲ. ರಸೆಲ್ ಕೊಟ್ಟ ರೂಪ ಮಾತ್ರ ಭಯಂಕರ ಗೋಜಲು.

ಅದನ್ನು ತೊಳೆದು ಒಪ್ಪ ಮಾಡಿದ್ದು ಅಮೆರಿಕದ ಅಲೊಂಜೊ ಚರ್ಚ್. ಅವನದ್ದೂ ಮೊದಲ ಏಟಿಗೆ ಆದದ್ದಲ್ಲ. 1932ರಲ್ಲಿ ಅವನು ಮುಂದಿಟ್ಟ ಟೈಪಿಲ್ಲದ ಪದ್ಧತಿಯಲ್ಲಿ ವಿರೋಧ ಇದೆ ಅಂತ 1935ರಲ್ಲಿ ತೋರಿಸಿದವರು ಅವನ ಶಿಷ್ಯರೇ ಆದ ಕ್ಲೀನಿ ಮತ್ತು ರಾಸರ್. 1940ರಲ್ಲಿ ಚರ್ಚ್ ಟೈಪ್ ಹಚ್ಚಿದ ರೂಪ ಪ್ರಕಟಿಸಿದ. ಮೂಲ ಬಗೆಗಳು ಎರಡೇ: ವಸ್ತು, ಮತ್ತು 'ಮಾತು', ಅಂದರೆ ಸತ್ಯವೋ ಸುಳ್ಳೋ ಆಗಬಲ್ಲ ಹೇಳಿಕೆ. ಉಳಿದದ್ದೆಲ್ಲ ಬಾಣದಿಂದ ಕಟ್ಟಿದ್ದು. ವಸ್ತುಗಳ ರಿಜಿಸ್ಟರ್ ಅಂದರೆ 'ವಸ್ತು → ಮಾತು' ಬಗೆಯ ಫಂಕ್ಷನ್. ಒಂದೊಂದೇ ವಸ್ತುವನ್ನು ಕೊಟ್ಟರೆ 'ಇದೆ' ಅಥವಾ 'ಇಲ್ಲ' ಅನ್ನುತ್ತದೆ. ಅದರೊಳಗೆ ಅದನ್ನೇ ಹಾಕಬೇಕಾದರೆ 'ವಸ್ತು' ಮತ್ತು 'ವಸ್ತು → ಮಾತು' ಒಂದೇ ಬಗೆ ಆಗಬೇಕು. ಆಗುವುದಿಲ್ಲ. ರಸೆಲ್‌ನ ಪ್ರಶ್ನೆಗೆ ಇಲ್ಲಿ ಉತ್ತರ ಸಿಗುವುದಿಲ್ಲ, ಪ್ರಶ್ನೆಯನ್ನು ಬರೆಯಲಿಕ್ಕೇ ಬರುವುದಿಲ್ಲ.

ಹೈಯರ್ ಆರ್ಡರ್ ಅನ್ನುವುದು ಯಾಕೆ? ಸಾಮಾನ್ಯ ಮೊದಲಂತಸ್ತಿನ ತರ್ಕದಲ್ಲಿ 'ಎಲ್ಲ ಸಂಖ್ಯೆಗಳಿಗೂ' ಅನ್ನಬಹುದು, 'ಸಂಖ್ಯೆಗಳ ಎಲ್ಲ ಗುಣಗಳಿಗೂ' ಅನ್ನಲಾಗದು. ಪಿಯುಸಿಯಲ್ಲಿ ಓದಿದ ಗಣಿತೀಯ ಅನುಗಮನ ನೆನಪಿಸಿಕೊಳ್ಳಿ. ಒಂದು ಗುಣ 0ಗೆ ಇದೆ, ಯಾವ ಸಂಖ್ಯೆಗಿದ್ದರೂ ಮುಂದಿನದಕ್ಕೂ ಇದೆ ಅಂದರೆ ಎಲ್ಲಕ್ಕೂ ಇದೆ. 'ಒಂದು ಗುಣ' ಅಂದೆವಲ್ಲ, ಯಾವ ಗುಣ? ಯಾವುದಾದರೂ. ಇದನ್ನು ಒಂದೇ ವಾಕ್ಯದಲ್ಲಿ ಹೇಳಲು ಗುಣಗಳ ಮೇಲೆಯೇ 'ಎಲ್ಲ' ಅನ್ನಬೇಕು. ಚರ್ಚ್‌ನ ಚೆಲುವು ಇಲ್ಲಿದೆ: ಅವನಲ್ಲಿ 'ಎಲ್ಲ' ಅನ್ನುವುದೂ ಒಂದು ಫಂಕ್ಷನ್. ಒಂದು ಗುಣವನ್ನು ಒಳಗೆ ತೆಗೆದುಕೊಂಡು ಒಂದು ಮಾತನ್ನು ಹೊರಗೆ ಕೊಡುತ್ತದೆ. ಶೆಡ್ಡು, ತಕ್ಕಡಿ, 'ಎಲ್ಲ' — ಮೂರಕ್ಕೂ ಒಂದೇ ವ್ಯಾಕರಣ.

ಗಣ ಸಿದ್ಧಾಂತದಲ್ಲಿ ಎಲ್ಲವೂ ಗಣ. 1, 2 ಕೂಡ. ಹಾಗಾಗಿ '1 ಎಂಬುದು 2ರ ಒಳಗಿದೆಯೇ?' ಅಂತ ಕೇಳಬಹುದು. ರೂಢಿಯ ಕಟ್ಟೋಣದಲ್ಲಿ ಉತ್ತರ 'ಹೌದು'. ಯಾವ ಗಣಿತಜ್ಞರೂ ಹಾಗೆ ಯೋಚಿಸುವುದಿಲ್ಲ. ಅವರ ತಲೆಯಲ್ಲಿ ಬಗೆಗಳು ಮೊದಲಿಂದಲೂ ಇವೆ, ಬುನಾದಿಯ ಕಾಗದದಲ್ಲಿ ಮಾತ್ರ ಇಲ್ಲ. ನನಗೆ ಟೈಪುಗಳೇ ಹೆಚ್ಚು ಪ್ರಾಮಾಣಿಕ ಬುನಾದಿ ಅನ್ನಿಸುವುದು ಇದಕ್ಕೇ. ಹಾಗಂತ ಇದು ಸರ್ವರೋಗ ನಿವಾರಕವಲ್ಲ. 1931ರಲ್ಲಿ ಗೋಡೆಲ್ ತೋರಿಸಿದ ಮಿತಿ ಇದಕ್ಕೂ ಅನ್ವಯಿಸುತ್ತದೆ. ಇಂಥ ಪದ್ಧತಿ ವಿರೋಧವಿಲ್ಲದ್ದಾಗಿದ್ದರೆ ಅದರೊಳಗೆ ಸಾಧಿಸಲೂ ಆಗದ, ಅಲ್ಲಗಳೆಯಲೂ ಆಗದ ಮಾತುಗಳು ಇದ್ದೇ ಇರುತ್ತವೆ.

ಇದೆಲ್ಲ ಪುಸ್ತಕದಲ್ಲೇ ಉಳಿಯುತ್ತಿತ್ತು, ಕಂಪ್ಯೂಟರ್ ಬರದಿದ್ದರೆ. ನಿಯಮಗಳು ಇಷ್ಟು ಕಡಿಮೆ, ಇಷ್ಟು ಖಚಿತ ಇದ್ದರೆ ಸಾಧನೆಯನ್ನು ಯಂತ್ರವೇ ಹೆಜ್ಜೆ ಹೆಜ್ಜೆಗೂ ಪರೀಕ್ಷಿಸಬಹುದು. ಪರೀಕ್ಷೆಯಲ್ಲಿ 'ಸಾಧಿಸಿರಿ' ಅಂತ ಬರುತ್ತಿತ್ತಲ್ಲ, ಆ ಸಾಧನೆ. ಹೋಲ್ ಲೈಟ್ ಎಂಬ ತಂತ್ರಾಂಶ ಚರ್ಚ್‌ನ ಪದ್ಧತಿಯ ನೇರ ಮೊಮ್ಮಗು. ಅದರ ಗರ್ಭಗುಡಿಯಲ್ಲಿ ಇರುವುದು 10 ತರ್ಕ ನಿಯಮ, 3 ಆಧಾರ ಪ್ರತಿಜ್ಞೆ. ಎಷ್ಟೇ ದೊಡ್ಡ ಪ್ರಮೇಯವಾದರೂ ಅದೇ ಬಾಗಿಲಿಂದ ಹಾದು ಬರಬೇಕು. ಒಂದು ಬೇಸಿಗೆ ರಜೆಯಲ್ಲಿ ಕೂತು ಓದಿ ಮುಗಿಸಬಹುದಾದಷ್ಟು ಕೋಡ್ ಅದು.

ವಿಜಯಪುರದ ಸಂತೆಯಲ್ಲಿ ಇಂಡಿ ಲಿಂಬೆಹಣ್ಣನ್ನು ಗೋಪುರದಂತೆ ಪೇರಿಸಿಟ್ಟದ್ದು ನೋಡಿದ್ದೀರಾ? ಒಂದೇ ಅಳತೆಯ ಗುಂಡುಗಳನ್ನು ಅದಕ್ಕಿಂತ ಒತ್ತಾಗಿ ತುಂಬಲು ಸಾಧ್ಯವಿಲ್ಲ ಅಂತ 1611ರಲ್ಲೇ ಕೆಪ್ಲರ್ ಹೇಳಿದ್ದ. ಜಾಗದ ಶೇ. 74ಕ್ಕೆ ಸ್ವಲ್ಪ ಹೆಚ್ಚು ತುಂಬುತ್ತದೆ, ಅಷ್ಟೇ ಗರಿಷ್ಠ. ಮಾರುವವರಿಗೆಲ್ಲ ಗೊತ್ತಿದ್ದ ಇದನ್ನು ಸಾಧಿಸಲು ಮುನ್ನೂರ ಎಂಬತ್ತು ವರ್ಷ ಮೀರಿ ಹಿಡಿಯಿತು. 1998ರಲ್ಲಿ ಥಾಮಸ್ ಹೇಲ್ಸ್ ಕೊಟ್ಟ ಸಾಧನೆಯಲ್ಲಿ ಪುಟಗಳೂ ವಿಪರೀತ, ಕಂಪ್ಯೂಟರ್ ಲೆಕ್ಕವೂ ವಿಪರೀತ. ಹನ್ನೆರಡು ಪರೀಕ್ಷಕರು ವರ್ಷಗಟ್ಟಲೆ ಕೂತು ಕೊನೆಗೆ ಶೇ. 99ರಷ್ಟು ಖಾತ್ರಿ ಅಂದರು. ಗಣಿತದಲ್ಲಿ ಶೇ. 99 ಅಂದರೆ ಏನು? ಹೇಲ್ಸ್‌ಗೆ ಅದು ಸಾಕಾಗಲಿಲ್ಲ. 2003ರಲ್ಲಿ ಒಂದು ತಂಡ ಕಟ್ಟಿ ಇಡೀ ಸಾಧನೆಯನ್ನು ಹೋಲ್ ಲೈಟ್ ಮತ್ತು ಇಸಬೆಲ್ ಎಂಬ ಹೈಯರ್ ಆರ್ಡರ್ ತರ್ಕದ ತಂತ್ರಾಂಶಗಳಲ್ಲಿ ಬರೆಯಲು ಶುರು ಮಾಡಿದರು. 2014ರ ಆಗಸ್ಟ್‌ನಲ್ಲಿ ಅದು ಮುಗಿಯಿತು.

ನಮ್ಮ ರಾಜ್ಯದಲ್ಲೂ ಇದರ ನಂಟಿದೆ. 2017ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಪೂರ್ವ ಖರೆ ಎತ್ತಿದ ಪ್ರಶ್ನೆಯೊಂದನ್ನು ಟೆರೆನ್ಸ್ ಟಾವೋ ಎಲ್ಲರ ಮುಂದಿಟ್ಟರು. 'ಉದ್ದ' ಎಂಬ ಅಳತೆ ಕೆಲವು ಸಹಜ ನಿಯಮ ಪಾಲಿಸಿದರೆ, ಎರಡು ಕ್ರಿಯೆಗಳನ್ನು ಅದಲು ಬದಲು ಮಾಡಿದಾಗ ಉಂಟಾಗುವ ವ್ಯತ್ಯಾಸದ ಉದ್ದ ಸೊನ್ನೆಯೇ ಆಗಬೇಕೇ? ಹಲವರು ಸೇರಿ ಹೆಣಗುತ್ತಿದ್ದಾಗ ಅದೇ ಸಂಸ್ಥೆಯ ಸಿದ್ಧಾರ್ಥ ಗಾಡ್ಗೀಳ್ ತಮ್ಮ ಪ್ರೋಗ್ರಾಂ ಹುಡುಕಿದ ಸಾಧನೆಯೊಂದನ್ನು ಮುಂದಿಟ್ಟರು. ಆ ಉದ್ದ 1ಕ್ಕಿಂತ ಕಡಿಮೆಯೇ ಅಂತ ಅದು ತೋರಿಸುತ್ತಿತ್ತು. ಸಾಲು ಸಾಲು ಹೆಜ್ಜೆ, ಆದರೆ ಮನುಷ್ಯರು ಓದಬಹುದಾದದ್ದು. ಪೇಸ್ ನೀಲ್ಸನ್ ಅದನ್ನು ಓದಿ, ಒಳಗಿನ ಉಪಾಯ ಹಿಡಿದು ಹಿಗ್ಗಿಸಿದರು. ಕೆಲವೇ ದಿನಗಳಲ್ಲಿ ಉತ್ತರ ಬಂತು: ಹೌದು, ಸೊನ್ನೆಯೇ. ಗಾಡ್ಗೀಳ್ ಅಲ್ಲಿ ಈಗ 'ಸಾಧನೆ ಮತ್ತು ಪ್ರೋಗ್ರಾಂ' ಅಂತ ಕೋರ್ಸ್ ಕಲಿಸುತ್ತಾರೆ, ಲೀನ್ ಎಂಬ ತಂತ್ರಾಂಶ ಬಳಸಿ. ಲೀನ್‌ನ ಟೈಪುಗಳು ಚರ್ಚ್‌ನವಕ್ಕಿಂತ ಶ್ರೀಮಂತ. ಅಲ್ಲಿ ಹೇಳಿಕೆಯೇ ಒಂದು ಬಗೆ, ಸಾಧನೆ ಆ ಬಗೆಯ ಒಂದು ವಸ್ತು. ಉಚಿತ. ಡೌನ್‌ಲೋಡ್ ಮಾಡಲು ಯಾರ ಶಿಫಾರಸೂ ಬೇಡ.

ನಾನು ಶೆಡ್ಡಿನಲ್ಲಿ ತೆರೆದಿದ್ದೂ ಅದನ್ನೇ. ಮೊದಲು ನೇರವಾಗಿ ಬರೆದೆ: ಪ್ರತಿ ಸಂಖ್ಯೆ ಯಾಗೂ, (0 × ಯಾ) ÷ 0 = ಯಾ. ಯಂತ್ರ ಅದನ್ನು ಸುಲಿದು ಸುಲಿದು '0 = ಯಾ ಅಂತ ಸಾಧಿಸು' ಅಂತ ನಿಂತುಬಿಟ್ಟಿತು. ಯಾಕೆಂದರೆ ಇಲ್ಲಿ ಫಂಕ್ಷನ್ ಅಂದಮೇಲೆ ಎಲ್ಲದಕ್ಕೂ ಉತ್ತರ ಕೊಡಲೇಬೇಕು. ಹಾಗಾಗಿ ಯಾವುದನ್ನೇ ಸೊನ್ನೆಯಿಂದ ಭಾಗಿಸಿದರೂ 0 ಅಂತ ಒಪ್ಪಂದ ಮಾಡಿಕೊಂಡಿದ್ದಾರೆ. ಹೋಲ್ ಲೈಟ್‌ನಲ್ಲೂ ಹಾಗೇ. ಗಾಬರಿ ಬೇಡ: 'ಭಾಗಿಸಿ ಗುಣಿಸಿದರೆ ವಾಪಸ್' ಅನ್ನುವ ನಿಯಮವನ್ನು ಭಾಜಕ ಸೊನ್ನೆಯಲ್ಲದಾಗ ಮಾತ್ರ ಕೊಟ್ಟಿರುವುದರಿಂದ 5 = 7 ಆಗುವುದಿಲ್ಲ.

ಆಮೇಲೆ ಭಾಸ್ಕರನ ಎಚ್ಚರಿಕೆ ನೆನಪಾಯಿತು. 'ಖಗುಣವನ್ನು ಬರೀ ಸೊನ್ನೆ ಅನ್ನಬೇಡ' ಅಲ್ಲವೇ? ಒಂದು ಷರತ್ತು ಸೇರಿಸಿದೆ: 0 × ಯಾ ಸೊನ್ನೆ ಅಲ್ಲದಿದ್ದರೆ, (0 × ಯಾ) ÷ 0 = ಯಾ. ಯಂತ್ರ ತಕ್ಷಣ ಒಪ್ಪಿತು. ಒಂದೂ ಕೆಂಪು ಗೆರೆ ಇಲ್ಲ. "ಕಾಕಾ, ನಿಮ್ಮ ಭಾಸ್ಕರಾಚಾರ್ಯ ಗೆದ್ದ!" ಅಂತ ಕೂಗಿದೆ. ಕಾಕಾ ಶೆಡ್ಡಿನ ಹುಡುಗರಿಗೆಲ್ಲ ಹೇಳಿಬಂದರು.

ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು. 0 × ಯಾ ಸೊನ್ನೆಯಲ್ಲದಿರುವುದು ಯಾವತ್ತಾದರೂ ಇದೆಯೇ? ಇಲ್ಲ. ನಾನು ಸಾಧಿಸಿದ್ದು 'ಹುಲಿ ಹುಲ್ಲು ತಿಂದ ದಿನ ನಾನು ಸಾಲ ತೀರಿಸ್ತೀನಿ' ಅನ್ನುವಂಥ ಮಾತು. ಸುಳ್ಳಲ್ಲ, ಯಾಕೆಂದರೆ ಆ ದಿನ ಬರುವುದೇ ಇಲ್ಲ. ಅದೇ ಷರತ್ತಿನಲ್ಲಿ ಉತ್ತರ 14ರ ಬದಲು 1400 ಅಂದಿದ್ದರೂ ಯಂತ್ರ ಒಪ್ಪುತ್ತಿತ್ತು. ಅದರ ತಪ್ಪೇನಿಲ್ಲ. ನಾನು ಕೊಟ್ಟ ಹೇಳಿಕೆಗೆ ಸಾಧನೆ ಸರಿಯಿದೆಯೇ ಅಂತಷ್ಟೇ ಅದು ನೋಡುತ್ತದೆ. ಹೇಳಿಕೆ ನನ್ನ ಮನಸ್ಸಿನಲ್ಲಿದ್ದದ್ದನ್ನೇ ಹೇಳುತ್ತಿದೆಯೇ ಅನ್ನುವುದು ಅದರ ಕೆಲಸವಲ್ಲ.

ಯಂತ್ರಗಳೇ ಸಾಧನೆ ಬರೆಯತೊಡಗಿರುವ ಈ ಹೊತ್ತಿನಲ್ಲಿ ನನಗೆ ದೊಡ್ಡದಾಗಿ ಕಾಣುವುದು ಇದೇ. 2024ರಲ್ಲಿ ಗೂಗಲ್ ಡೀಪ್‌ಮೈಂಡ್‌ನ ಆಲ್ಫಾಪ್ರೂಫ್ ಮತ್ತದರ ಜೊತೆಗಾರ ತಂತ್ರಾಂಶ ಸೇರಿ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ ಪ್ರಶ್ನೆಗಳಲ್ಲಿ 42ಕ್ಕೆ 28 ಅಂಕ ಗಳಿಸಿದವು, ಬೆಳ್ಳಿ ಪದಕದ ಮಟ್ಟ. ಆಲ್ಫಾಪ್ರೂಫ್ ಬರೆದದ್ದು ಲೀನ್‌ನಲ್ಲಿ. ಹಾಗಾಗಿ ಕಂಪನಿಯನ್ನು ನಂಬಬೇಕಿಲ್ಲ. ಸಾಧನೆ ಕೈಗೆ ಸಿಕ್ಕರೆ ಘೋಣಸಗಿಯಲ್ಲಿ ಕೂತೂ ಪರೀಕ್ಷಿಸಬಹುದು. ಇದು ಸಣ್ಣ ವಿಷಯವಲ್ಲ. ಆದರೆ ಆ ಪ್ರಶ್ನೆಗಳನ್ನು ಲೀನ್‌ನ ಭಾಷೆಗೆ ಇಳಿಸಿದವರು ಮನುಷ್ಯರು. ಅಲ್ಲಿ ಎಡವಿದ್ದರೆ ಯಂತ್ರ ನನ್ನ ಹುಲಿಯ ಮಾತನ್ನೇ ಸಾಧಿಸಿ ಕೊಡುತ್ತಿತ್ತು.

ನಮ್ಮ ಜಿಲ್ಲೆಯವರಿಗೆ ಇದು ಹೊಸ ಪಾಠವೇನಲ್ಲ. ಬರ ಘೋಷಣೆಗೆ ಕೇಂದ್ರದ ಕೈಪಿಡಿ ಇದೆ. ಮಳೆ ಕೊರತೆ, ಬಿತ್ತನೆ, ಮಣ್ಣಿನ ತೇವ, ಬೆಳೆಯ ಸ್ಥಿತಿ, ಎಲ್ಲಕ್ಕೂ ಅಳತೆ. 2023ರಲ್ಲಿ ಈ ಮಾನದಂಡ ಸಡಿಲಿಸಿ ಅಂತ ರಾಜ್ಯವೇ ಕೇಂದ್ರಕ್ಕೆ ಬರೆಯಬೇಕಾಯಿತು. ಆ ವರ್ಷ ಕೊನೆಗೆ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತಾದವು. ಕೂಡುವ ಕಳೆಯುವ ಲೆಕ್ಕವನ್ನು ಯಾವ ಕಂಪ್ಯೂಟರೂ ತಪ್ಪು ಮಾಡುವುದಿಲ್ಲ. ಜಗಳ ಇರುವುದು 'ಬರ' ಅನ್ನುವ ಪದದ ವ್ಯಾಖ್ಯೆಯಲ್ಲಿ. ಅದನ್ನು ಬರೆಯುವ ಮೇಜಿನ ಮುಂದೆ ಯಾರು ಕೂತಿರುತ್ತಾರೆ ಅನ್ನುವುದರಲ್ಲಿ.

ಮರುದಿನ ಮೂರನೇ ಸಲ ಕೂತೆ. ಷರತ್ತು ಕಿತ್ತುಹಾಕಿ, 'ಖಗುಣ' ಅಂತ ಹೊಸದೊಂದು ಬಗೆಯನ್ನೇ ಮಾಡಿದೆ. ಒಳಗೆ ಒಂದು ಸಂಖ್ಯೆ ಇಟ್ಟುಕೊಂಡ ಮುಚ್ಚಿದ ಡಬ್ಬಿಯಂತೆ. ಸೊನ್ನೆಯಿಂದ ಗುಣಿಸುವುದು ಈಗ 'ಸಂಖ್ಯೆ → ಖಗುಣ', ಸೊನ್ನೆಯಿಂದ ಭಾಗಿಸುವುದು 'ಖಗುಣ → ಸಂಖ್ಯೆ'. ಅರ್ಧ ಕೂಡಿಸುವುದು, 3ರಿಂದ ಗುಣಿಸುವುದು ಡಬ್ಬಿಯ ಒಳಗೇ ನಡೆಯುತ್ತದೆ. 5ರ ಡಬ್ಬಿ, 7ರ ಡಬ್ಬಿ ಒಂದೇ ಅಲ್ಲ, ಹಾಗಾಗಿ 5 = 7 ಬರಲು ದಾರಿಯಿಲ್ಲ. ಈ ಸಲ ಪ್ರಮೇಯದಲ್ಲಿ ಎರಡು ಭಾಗ ಬರೆದೆ: 14 ಹಾಕಿದರೆ 63 ಬರುತ್ತದೆ, ಮತ್ತು 63 ಬಂದರೆ ಹಾಕಿದ್ದು 14 ಮಾತ್ರ. ಒಪ್ಪಿತು. ಖಾಲಿ ಷರತ್ತು ಎಲ್ಲಾದರೂ ನುಸುಳಿದೆಯಾ ಅಂತ ಎರಡು ಸಲ ನೋಡಿದೆ, ಇರಲಿಲ್ಲ.

ಇದನ್ನೋದಿ 'ಟೈಪ್ ಸಿದ್ಧಾಂತ 1150ರಲ್ಲೇ ನಮ್ಮಲ್ಲಿತ್ತು' ಅಂತ ಫಾರ್ವರ್ಡ್ ಮಾಡುವವರಿಗೆ ಒಂದು ಮಾತು: ಇರಲಿಲ್ಲ. ಖಗುಣ ಸೊನ್ನೆ ಅಂತಲೂ ಭಾಸ್ಕರನೇ ಹೇಳಿದ್ದಾನೆ, ಎರಡನ್ನೂ ಒಟ್ಟಿಗೆ ಹಿಡಿದರೆ 5 = 7 ಅವನಿಗೂ ತಪ್ಪುತ್ತಿರಲಿಲ್ಲ. ಡಬ್ಬಿ ಮಾಡಿದ್ದು ನಾನು. ಅವನು ಕೊಟ್ಟದ್ದು ಒಂದು ಅನುಮಾನ, 'ನೆನಪಿಟ್ಟುಕೋ' ಅನ್ನುವ ಎಚ್ಚರ.

ಕಾಕಾನಿಗೆ ಹೇಳಲೇಬೇಕಿತ್ತು. "ಕಾಕಾ, ನಿನ್ನೆ ಗೆದ್ದ ಅಂದಿದ್ದು ಸುಳ್ಳು. ನಾನ ತಪ್ಪು ಬರ್ದಿದ್ದೆ."

"ಹಂಗಾರ ಹದಿನಾಲ್ಕು ತಪ್ಪೇನು?"

"ಇಲ್ಲ, ಹದಿನಾಲ್ಕು ಖರೇ. ಆದ್ರ ಖಗುಣ ಅಂದ್ರ ಬರೇ ಸೊನ್ನೀ ಅಲ್ಲ, ಅದು ಬ್ಯಾರೇ ಬಗಿ ಅಂತ ಮೊದ್ಲ ಒಪ್ಕೋಬೇಕು."

ಕಾಕಾ ಸ್ವಲ್ಪ ಹೊತ್ತು ಜಾಲರಿಯ ಮೇಲಿನ ಹಣ್ಣು ಹೊರಳಿಸಿ ನೋಡಿದರು. "ಮತ್ತ ಶೆಡ್ಡಿನ ಹುಡುಗೂರಿಗೆ ನೀನ ಹೋಗಿ ಹೇಳು," ಅಂದರು.